ಹಗುರವಾದ ಚೀಲ ಅಪರಿಗ್ರಹವಲ್ಲ

ಬೆನ್ನಿಗೊಂದು ಚೀಲ ಹೊತ್ತು ದ್ವೀಪದಿಂದ ದ್ವೀಪಕ್ಕೆ ಅಲೆಯುವ ತರುಣ ದಂಪತಿಗಳು ತಮ್ಮ ಸಂಚಾರವನ್ನು ಅಪರಿಗ್ರಹವೆಂದು ಬಣ್ಣಿಸುವುದುಂಟು. ವೈಭವದ ಹೋಟೆಲು ಬೇಡ, ಎರಡು ಜೊತೆ ಬಟ್ಟೆ ಸಾಕು ಎಂಬುದು ಅವರ ವಾದ. ಆದರೆ ಪರಿಗ್ರಹದ ಮೂಲವಿರುವುದು ಮಮತ್ವದಲ್ಲಿ, ಚೀಲದ ತೂಕದಲ್ಲಲ್ಲ.

ಥಾಯ್ಲೆಂಡಿನ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯನ್ನು ನೋಡಿರಿ. ಬೆನ್ನುಚೀಲದ ಅಲೆಮಾರಿಯೊಬ್ಬನ ಕಥೆಯುಳ್ಳ 'ದಿ ಬೀಚ್' ಚಲನಚಿತ್ರವನ್ನು ಅಲ್ಲಿ ಚಿತ್ರೀಕರಿಸಲಾಯಿತು. 2000ದಲ್ಲಿ ಅದು ತೆರೆಕಂಡ ಬಳಿಕ ಜನ ಮುಗಿಬಿದ್ದರು. ದಿನಕ್ಕೆ ಸಾವಿರಾರು ಮಂದಿ. ಹವಳದ ದಿಬ್ಬಗಳು ಹಾಳಾಗಿ, 2018ರ ಜೂನ್‌ನಲ್ಲಿ ಕೊಲ್ಲಿಯನ್ನೇ ಮುಚ್ಚಬೇಕಾಯಿತು. ಮನುಷ್ಯರು ತೊಲಗಿದ ಮೇಲೆ ಶಾರ್ಕ್ ಮೀನುಗಳು ಮರಳಿದವು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳಿಗೆ ಕೊಲ್ಲಿಯೊಳಗೆ ಪ್ರವೇಶವಿರಲಿಲ್ಲ. ಆ ಸಾವಿರಾರು ಮಂದಿಯಲ್ಲಿ 'ನಾವಿಬ್ಬರೇ ತಾನೆ' ಎಂದುಕೊಂಡು ಹೋದವರೆಷ್ಟೋ!

ಹವಳವನ್ನು ನಮ್ಮ ಶಾಸ್ತ್ರಗಳು ಪೃಥ್ವೀಕಾಯದಲ್ಲಿ ಎಣಿಸಿವೆ. ವಿಜ್ಞಾನವು ಅದನ್ನು ಪುಟ್ಟ ಪ್ರಾಣಿಗಳ ಸಮುದಾಯವೆನ್ನುತ್ತದೆ. ಹೇಗೆ ಎಣಿಸಿದರೂ ಅದು ಜೀವವೇ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕ ಅಲೆದಾಟವನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ.

ತೀರ್ಥಯಾತ್ರೆಯೂ ಸಂಚಾರವಲ್ಲವೆ ಎಂದು ಕೇಳಬಹುದು. ನಿಜ, ಕ್ಷೇತ್ರವನ್ನು ಹೊಲಸು ಮಾಡುವ ಯಾತ್ರಿಕನಿಗೂ ಇದೇ ದೋಷ ತಟ್ಟುತ್ತದೆ. ದಂಪತಿಗಳು ಲೋಕ ಕಾಣಬಾರದೆಂದಲ್ಲ. ಹೊರಡುವ ಮುನ್ನ ದೇಶವ್ರತದ ರೀತಿಯಲ್ಲಿ ಎಲ್ಲೆ ಹಾಕಿಕೊಳ್ಳಲಿ: ಎಷ್ಟು ದೂರ, ಎಷ್ಟು ದಿನ, ಯಾವ ನೀರಿಗೆ ಇಳಿಯೆವು ಎಂದು. ಎಲ್ಲೆ ಬೇಡವೆನ್ನುವವರು ತಮ್ಮ ಪ್ರವಾಸವನ್ನು ಭೋಗವೆಂದೇ ಕರೆಯಲಿ. ಅದಕ್ಕೆ ವ್ರತದ ಹೆಸರಿಡದಿರಲಿ.