‘ಯಾವುದೇ ಪದವಿ’ ಎಂಬ ಬೇಲಿ

ಸರ್ಕಾರಿ ನೌಕರಿಯ ಅಧಿಸೂಚನೆಗಳಲ್ಲಿ ಎರಡು ಪದಗಳು ಮತ್ತೆ ಮತ್ತೆ ಕಾಣಿಸುತ್ತವೆ: ‘ಯಾವುದೇ ಪದವಿ’. ಪ್ರಥಮ ದರ್ಜೆ ಸಹಾಯಕರಾಗಬೇಕೆ? ಯಾವುದೇ ಪದವಿ. ಪಂಚಾಯತ್ ಅಭಿವೃದ್ಧಿ ಅಧಿಕಾರಿಯಾಗಬೇಕೆ? ಯಾವುದೇ ಪದವಿ. ಸಸ್ಯಶಾಸ್ತ್ರ ಓದಿದವರೂ ಸೈ, ಉರ್ದು ಸಾಹಿತ್ಯ ಓದಿದವರೂ ಸೈ. ನೀವು ಏನು ಓದಿದ್ದೀರಿ ಎಂಬುದು ಸರ್ಕಾರಕ್ಕೆ ಬೇಕಿಲ್ಲ, ಓದಿದ್ದಕ್ಕೊಂದು ಕಾಗದವಿದ್ದರೆ ಸಾಕು. ಹಾಗಾದರೆ ನಾವು ಕೇಳುವ ಪ್ರಶ್ನೆ ಸರಳವಾದದ್ದು. ಏನು ಓದಿದರೂ ನಡೆಯುತ್ತದೆ ಎಂದ ಮೇಲೆ, ಆ ಕೆಲಸಕ್ಕೆ ಆ ಓದು ಬೇಕಾಗಿಲ್ಲ ಎಂದೇ ಅರ್ಥವಲ್ಲವೆ?

ವೈದ್ಯರಿಗೆ, ಎಂಜಿನಿಯರರಿಗೆ, ವಕೀಲರಿಗೆ, ಶಿಕ್ಷಕರಿಗೆ ಪದವಿ ಬೇಡವೆಂದು ನಾವು ಹೇಳುತ್ತಿಲ್ಲ. ಅಲ್ಲಿ ಓದಿಗೂ ಕೆಲಸಕ್ಕೂ ನೇರ ಸಂಬಂಧವಿದೆ. ನಮ್ಮ ತಕರಾರು ಇರುವುದು ಕಡತ ನೋಡುವ, ಟಿಪ್ಪಣಿ ಬರೆಯುವ, ಲೆಕ್ಕ ಇಡುವ ಹುದ್ದೆಗಳ ಬಗ್ಗೆ.

ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ರೈತನ ಪಹಣಿ, ಖಾತೆ ಬದಲಾವಣೆ, ಜಾತಿ-ಆದಾಯ ಪ್ರಮಾಣಪತ್ರದ ವರದಿ, ಬೆಳೆಹಾನಿಯ ಪಟ್ಟಿ, ಇವೆಲ್ಲ ಯಾರ ಕೈಯಲ್ಲಿವೆ? ಗ್ರಾಮ ಲೆಕ್ಕಿಗರ ಕೈಯಲ್ಲಿ. ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಾಗಿರುವ ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಪಿ.ಯು.ಸಿ. ಮಾತ್ರ. ಹಿಂದೆ ಪಿ.ಯು.ಸಿ. ಅಂಕಗಳ ಮೇಲೆ ಆಯ್ಕೆ ನಡೆಯುತ್ತಿತ್ತು. 2024ರಲ್ಲಿ 1000 ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನೇ ನಡೆಸಿದರು. ಒಂದು ಊರಿನ ಭೂಮಿಯ ಹಣೆಬರಹ ಬರೆಯಲು ಪಿ.ಯು.ಸಿ. ಸಾಕು, ಆದರೆ ಆ ಕಾಗದವನ್ನು ಕಡತಕ್ಕೆ ಸೇರಿಸಲು ಪದವಿ ಬೇಕು! ಇದೆಂಥ ನ್ಯಾಯ?

ಇನ್ನೊಂದು ವಿಚಿತ್ರ ನೋಡಿ. ಪಿ.ಯು.ಸಿ. ಮೇಲೆ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿದವರು ಸೇವಾ ಹಿರಿತನದಿಂದ ಪ್ರಥಮ ದರ್ಜೆಗೆ ಬಡ್ತಿ ಪಡೆಯುತ್ತಾರೆ. ಅದೇ ಮೇಜು, ಅದೇ ಕಡತ. ಕೆಲಸ ಮಾಡುತ್ತ ಕಲಿತವರು ಆ ಕುರ್ಚಿಗೆ ಯೋಗ್ಯರು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹೊರಗಿನಿಂದ ಬರುವವರಿಗೆ ಮಾತ್ರ ಬೇಲಿ.

ಬೇಲಿಯ ಆಚೆ ನಿಂತವರು ಯಾರು? ನಮ್ಮ ತುರ್ವಿಹಾಳ, ಸಿಂಧನೂರು, ಮಸ್ಕಿಯ ಕಡೆ ಬಂದು ನೋಡಿ. ಎಡದಂಡೆ ಕಾಲುವೆಗೆ ನೀರು ಬಂದರೆ ಭತ್ತ, ಬಾರದಿದ್ದರೆ ಗುಳೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಿರಲಿಲ್ಲ. ಇಲ್ಲಿ ಪಿ.ಯು.ಸಿ. ಮುಗಿಸುವುದೇ ಒಂದು ಯುದ್ಧ. ಅದರ ಮೇಲೆ ಇನ್ನೂ ಮೂರು ವರ್ಷ ಓದಬೇಕೆಂದರೆ ಮನೆಗೆ ಮೂರು ವರ್ಷದ ದುಡಿಮೆ ನಷ್ಟ. ಉಳ್ಳವರ ಮಗನಿಗೆ ಅದು ಓದು, ಹಮಾಲನ ಮಗನಿಗೆ ಅದು ಸಾಲ.

371ಜೆ ಬಂತು. ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ‘ಸಿ’ ವರ್ಗಕ್ಕೆ ಶೇ. 80, ‘ಡಿ’ ವರ್ಗಕ್ಕೆ ಶೇ. 85 ಸ್ಥಳೀಯರಿಗೆ ಎಂದು 2013ರಲ್ಲಿ ಆದೇಶವಾಯಿತು. ಸಂತೋಷ. ಆದರೆ ಮೀಸಲಾತಿ ಕೆಲಸ ಮಾಡುವುದು ಬಾಗಿಲ ಒಳಗೆ, ಪದವಿ ನಿಂತಿರುವುದು ಬಾಗಿಲಲ್ಲಿ.

ಮುಸ್ಲಿಮರಿಗಂತೂ ಈ ಮಾತು ನೇರವಾಗಿ ತಟ್ಟುತ್ತದೆ. 2006ರ ಸಾಚಾರ್ ವರದಿಯ ಪ್ರಕಾರ ದೇಶದ 20 ವರ್ಷ ಮೇಲ್ಪಟ್ಟವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ನೂರಕ್ಕೆ ಸುಮಾರು ಏಳು ಮಂದಿ. ಮುಸ್ಲಿಮರಲ್ಲಿ ನಾಲ್ಕಕ್ಕೂ ಕಡಿಮೆ. 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿದಾಗ ಸಮುದಾಯ ದನಿ ಎತ್ತಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಸರಿಯಾದದ್ದೇ. ಆದರೆ ಅರ್ಜಿಯನ್ನೇ ಹಾಕಲಾಗದವರಿಗೆ ಆ ನಾಲ್ಕರಲ್ಲಿ ಪಾಲೆಲ್ಲಿದೆ? ಇದರ ಬಗ್ಗೆ ನಮ್ಮ ಮುಖಂಡರು ತುಟಿ ಬಿಚ್ಚುವುದಿಲ್ಲ.

ಈ ರೋಗ ಕೆಳಗಿನವರೆಗೂ ಇಳಿದಿದೆ. ಅಂಗನವಾಡಿ ಕಾರ್ಯಕರ್ತೆಯಾಗಲು ಹಿಂದೆ ಎಸ್.ಎಸ್.ಎಲ್.ಸಿ. ಸಾಕಿತ್ತು. 2022ರ ಕೇಂದ್ರ ಮಾರ್ಗಸೂಚಿಯ ನಂತರ ಪಿ.ಯು.ಸಿ. ಬೇಕು, ಸಹಾಯಕಿಗೆ ಎಸ್.ಎಸ್.ಎಲ್.ಸಿ. ಬೇಕು. ಆ ತಾಯಂದಿರನ್ನು ನೌಕರರೆಂದು ಒಪ್ಪಲು ಸರ್ಕಾರ ಸಿದ್ಧವಿಲ್ಲ, ಸಂಬಳವೆಂಬ ಹೆಸರೂ ಇಲ್ಲ, ಕೊಡುವುದು ಗೌರವಧನ. ವಿದ್ಯಾರ್ಹತೆಯನ್ನು ಮಾತ್ರ ಏರಿಸುತ್ತದೆ. ಹತ್ತನೆಯ ತರಗತಿಗೆ ಓದು ನಿಂತು ಮದುವೆಯಾದ ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಅದೊಂದೇ ಬಾಗಿಲಾಗಿತ್ತು!

ದುಡಿಯುತ್ತಲೇ ಪದವಿ ಪಡೆಯಬಹುದಲ್ಲ ಎನ್ನುವವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕತೆ ನೆನಪಿಸಿಕೊಳ್ಳಲಿ. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವಿದ್ಯಾರ್ಥಿಗಳು ವರ್ಷಗಟ್ಟಲೆ ಅಲೆದರು. ಅವರು ಓದಿದ ಪುಸ್ತಕ ಬದಲಾಗಿರಲಿಲ್ಲ, ಕಲಿತದ್ದು ಮರೆತುಹೋಗಿರಲಿಲ್ಲ. ಕೆಟ್ಟದ್ದು ಕಾಗದ ಮಾತ್ರ. ಶಿಕ್ಷೆ ಮಾತ್ರ ಮನುಷ್ಯರಿಗೆ.

‘ಪದವಿ ಬೇಡವೆಂದರೆ ಗುಣಮಟ್ಟ ಕುಸಿಯುತ್ತದೆ’ ಎನ್ನುತ್ತಾರೆ. ಗುಣಮಟ್ಟ ಅಳೆಯಲು ಪರೀಕ್ಷೆ ಇದೆಯಲ್ಲ? ಕನ್ನಡ, ಸಾಮಾನ್ಯ ಜ್ಞಾನ, ಕಂಪ್ಯೂಟರ್ ಎಲ್ಲವನ್ನೂ ಅಳೆಯಿರಿ. ಬೇಕಿದ್ದರೆ ಪರೀಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಿ. ಬರೆಯುವ ಅವಕಾಶವನ್ನು ಮಾತ್ರ ಕಿತ್ತುಕೊಳ್ಳಬೇಡಿ.

‘ಇಕ್ರಾ ಎಂಬ ಆಜ್ಞೆ ಪಡೆದ ಸಮುದಾಯ ಓದು ಬೇಡವೆನ್ನಬಹುದೇ?’ ಎಂದು ನಮ್ಮವರೇ ಕೇಳಬಹುದು. ನಾವು ಇಲ್ಮ್ ಬೇಡವೆನ್ನುತ್ತಿಲ್ಲ. ಇಲ್ಮ್ ಬೇರೆ, ಸನದು ಬೇರೆ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಹತ್ತು ಮಕ್ಕಳಿಗೆ ಓದು-ಬರಹ ಕಲಿಸಿದರೆ ಬಿಡುಗಡೆ ಎಂದಿದ್ದರು ಪ್ರವಾದಿಯವರು (ಸ). ಅಲ್ಲಿ ಬೆಲೆ ಇದ್ದದ್ದು ಕಲಿಸುವ ಶಕ್ತಿಗೆ. ಮಕ್ಕಳು ಕಾಲೇಜಿಗೆ ಹೋಗಲಿ, ಅರಿವಿಗಾಗಿ ಹೋಗಲಿ. ನೌಕರಿಯ ಅರ್ಜಿಗೆ ಲಗತ್ತಿಸುವ ಕಾಗದಕ್ಕಾಗಿ ತಂದೆಯ ಬೆನ್ನು ಮುರಿಯುವುದು ಬೇಡ.

ಇದು ಹೊಸ ಬೇಡಿಕೆಯೂ ಅಲ್ಲ. ಪದವಿ ಅನಿವಾರ್ಯವಲ್ಲದ ಕೆಲಸಗಳಲ್ಲಿ ಪದವಿಯನ್ನೂ ಉದ್ಯೋಗವನ್ನೂ ಬೇರ್ಪಡಿಸಲಾಗುವುದು ಎಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿತ್ತು. ಆ ಮಾತು ಕಡತದಲ್ಲೇ ಉಳಿಯಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ಜೋಶ್ ಶಪಿರೊ 2023ರ ಜನವರಿಯಲ್ಲಿ ಹೊರಡಿಸಿದ ಮೊದಲ ಆದೇಶದಲ್ಲೇ ಸುಮಾರು 65 ಸಾವಿರ ಸರ್ಕಾರಿ ಹುದ್ದೆಗಳಿಗೆ ಪದವಿಯ ಷರತ್ತು ಇಲ್ಲವೆಂದರು. ಅಲ್ಲಿ ಆಗುವುದು ಇಲ್ಲೇಕೆ ಆಗದು?

ನಮ್ಮ ಒತ್ತಾಯ ಇಷ್ಟು. ‘ಯಾವುದೇ ಪದವಿ’ ಎಂದು ಬರೆದಿರುವ ಪ್ರತಿ ಹುದ್ದೆಗೂ ಆ ಪದವಿ ಏಕೆ ಬೇಕೆಂದು ಸರ್ಕಾರ ಕಾರಣ ಕೊಡಲಿ. ಕಾರಣವಿಲ್ಲದಿದ್ದರೆ ಅಳಿಸಿಹಾಕಿ ಪಿ.ಯು.ಸಿ. ಮತ್ತು ಪರೀಕ್ಷೆಯನ್ನು ಇಡಲಿ. ಅಂಗನವಾಡಿಗೆ ಎಸ್.ಎಸ್.ಎಲ್.ಸಿ. ಮರಳಿ ತಂದು, ಒಳ್ಳೆಯ ತರಬೇತಿ ಕೊಡಲಿ. ಈ ಕೆಲಸ ಕಲ್ಯಾಣ ಕರ್ನಾಟಕದ ಹುದ್ದೆಗಳಿಂದಲೇ ಶುರುವಾಗಲಿ. ನಮ್ಮ ಶಾಸಕರು ವಿಧಾನಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಲಿ. ಕೇಳದಿದ್ದರೆ, ಮುಂದಿನ ಸಲ ಅವರು ಓಟು ಕೇಳಲು ಬಂದಾಗ ನಾವು ಕೇಳೋಣ.