ಊರು ಬಿಟ್ಟ ಮೇಲೆ ಕಂಡ ಊರು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿ ಅರಸಾಳು ಎಂಬ ಚಿಕ್ಕ ನಿಲ್ದಾಣವಿದೆ. ಅಲ್ಲಿನ ಹಳೆಯ ಸ್ಟೇಷನ್ ಕಟ್ಟಡ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಯಿತು. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದಾಗ ಇದೇ ನಿಲ್ದಾಣ ಮಾಲ್ಗುಡಿ ಸ್ಟೇಷನ್ ಆಗಿತ್ತು. ಊರಿನ ಉಳಿದ ಬೀದಿ, ಮನೆಗಳನ್ನೆಲ್ಲ ಬಹುಪಾಲು ಆಗುಂಬೆ ಒದಗಿಸಿತ್ತು. ಇವತ್ತಿಗೂ ಆಗುಂಬೆಗೆ ಹೋದವರು ಸೂರ್ಯಾಸ್ತ ನೋಡಿ, ಧಾರಾವಾಹಿಯಲ್ಲಿ ಬಂದ ದೊಡ್ಡಮನೆಯ ಮುಂದೆ ನಿಂತು, ಅದರ ಪುಟ್ಟ ಹುಡುಗ ಸ್ವಾಮಿ ಓಡಾಡಿದ್ದು ಇಲ್ಲೇ ಅಲ್ಲವೇ ಎಂದು ಕೇಳುತ್ತಾರೆ.

ಆದರೆ ಮಾಲ್ಗುಡಿ ಹುಟ್ಟಿದ್ದು ಮಲೆನಾಡಿನಲ್ಲಿ ಅಲ್ಲ. 1930ರ ಸೆಪ್ಟೆಂಬರ್‌ನಲ್ಲಿ, ಅಜ್ಜಿ ಗೊತ್ತುಮಾಡಿಕೊಟ್ಟ ಒಳ್ಳೆಯ ದಿನ, ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಬರೆಯಲು ಕೂತ ಆರ್.ಕೆ. ನಾರಾಯಣ್ ಅವರಿಗೆ ಮೊದಲು ಕಂಡದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಊರು ಆಮೇಲೆ ಅದರ ಸುತ್ತ ಬೆಳೆಯಿತು. ಸರಯೂ ನದಿ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ ಎಲ್ಲ ಒಂದೊಂದಾಗಿ ಬಂದವು. ಮೈಸೂರಿನಲ್ಲಿ ದಿನವೂ ನಡೆದಾಡಿದ ರಸ್ತೆಗಳು, ಬಾಲ್ಯ ಕಳೆದ ಮದರಾಸಿನ ಬೀದಿ ಎರಡೂ ಅದರೊಳಗೆ ಕರಗಿವೆ. ಹಾಗಾಗಿ ಮಾಲ್ಗುಡಿ ಎಲ್ಲಿದೆ ಎಂದು ಹುಡುಕುವುದಕ್ಕಿಂತ, ಕಣ್ಣಿಗೆ ಬಿದ್ದ ಊರು ಕತೆಯ ಊರಾಗುವುದು ಹೇಗೆ ಎಂದು ಕೇಳುವುದು ಹೆಚ್ಚು ಫಲಕಾರಿ.

ಅದಕ್ಕೆ ನಾರಾಯಣ್ ಅವರೇ ಒಂದು ಒಳ್ಳೆಯ ಉತ್ತರ ಬಿಟ್ಟುಹೋಗಿದ್ದಾರೆ. ಮೈಸೂರು ಸೀಮೆಯಲ್ಲಿ ಒಮ್ಮೆ ಘೋರ ಬರ ಬಂದಿತ್ತು. ಮಳೆಗಾಗಿ ಪುರೋಹಿತರು ಉಪವಾಸವಿದ್ದು, ಬತ್ತಿದ ಕಾವೇರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಜಪ ಮಾಡಿದರು. ಆ ಚಿತ್ರ ನಾರಾಯಣ್ ಅವರ ಮನಸ್ಸಿನಲ್ಲಿ ಕೂತಿತ್ತು. 1956ರಲ್ಲಿ ಅವರು ಅಮೆರಿಕ ಪ್ರವಾಸ ಹೋದರು. ಅಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಹೋಟೆಲ್ ಕೋಣೆಯೊಂದರಲ್ಲಿ ಕೂತು ‘ದಿ ಗೈಡ್’ ಕಾದಂಬರಿ ಬರೆದರು. ಹೊಳೆಯ ಮೆಟ್ಟಿಲಿನ ಮೇಲೆ ಕೂತ ರಾಜು, ಅವನನ್ನು ಸಾಧುವೆಂದು ನಂಬುವ ಹಳ್ಳಿಯವರು, ಬರ, ಉಪವಾಸ ಎಲ್ಲವೂ ಕಾವೇರಿ ದಡದಿಂದ ಸಾವಿರಾರು ಮೈಲಿ ಆಚೆ ಕಾಗದಕ್ಕೆ ಇಳಿದವು.

ಮುಂದೆ ಅದನ್ನು ಸಿನಿಮಾ ಮಾಡಲು ಬಂದ ಮುಂಬೈ ತಂಡವನ್ನು ನಾರಾಯಣ್ ಮೈಸೂರಿನ ಸುತ್ತ ಓಡಾಡಿಸಿದರು. ಕಾವೇರಿ ದಡದ ಮೆಟ್ಟಿಲು, ಆಲದ ಮರದ ನೆರಳಿನಲ್ಲಿದ್ದ ಚಿಕ್ಕ ಗುಡಿ, ತಮ್ಮ ಕತೆ ನಡೆದ ಜಾಗ ಎಲ್ಲ ತೋರಿಸಿದರು. ತಂಡ ಮೆಚ್ಚಿ ಹೋಯಿತು. ಚಿತ್ರೀಕರಣ ನಡೆದದ್ದು ಮಾತ್ರ ರಾಜಸ್ಥಾನದಲ್ಲಿ. 1965ರಲ್ಲಿ ತೆರೆಗೆ ಬಂದ ಆ ಚಿತ್ರದ ಅರಮನೆ, ಕೋಟೆ, ಬಣ್ಣಗಳನ್ನು ಜನ ಮೆಚ್ಚಿಕೊಂಡರು. ನಾರಾಯಣ್ ಅವರಿಗೆ ಆದ ನೋವನ್ನು ಅವರು ಆಮೇಲೆ ಒಂದು ಲೇಖನದಲ್ಲಿ ತೋಡಿಕೊಂಡರು. ಅವರ ನೋವು ನ್ಯಾಯವಾದದ್ದೇ. ಪರಸ್ಪರ ಮುಖ ಪರಿಚಯವಿರುವ ಸಣ್ಣ ಊರಿನಲ್ಲಿ ಮಾತ್ರ ಹೊರಗಿನಿಂದ ಬಂದ ರಾಜುವಿನಂಥ ಗೈಡ್ ಸಾಧುವಾಗಿ ಸಿಕ್ಕಿಬೀಳಬಲ್ಲ. ಊರು ಬದಲಾಯಿಸಿದರೆ ಹಿನ್ನೆಲೆಯ ಜೊತೆಗೆ ಕತೆಯ ಕಾರಣವೂ ಬದಲಾಗಿಬಿಡುತ್ತದೆ.

ದೂರ ಹೋದ ಮೇಲೆ ಊರು ಕಾಣುವುದಕ್ಕೆ ಕನ್ನಡದಲ್ಲಿ ಇನ್ನೂ ದೊಡ್ಡ ಉದಾಹರಣೆ ‘ಸಂಸ್ಕಾರ’. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಗೆ ಹೋಗಿದ್ದಾಗ, ಅಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮಾಲ್ಕಂ ಬ್ರಾಡ್‌ಬರಿ ಜೊತೆ ಇಂಗ್‌ಮಾರ್ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ನೋಡಿದರು. ಪ್ಲೇಗ್ ಹರಡಿದ ಮಧ್ಯಯುಗದ ಯುರೋಪಿನ ಕತೆ ಅದು. ಯುರೋಪಿನವರು ತಮ್ಮ ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ಭಾರತದ ಲೇಖಕನಿಗೆ ಅದು ಬಾಳಿದ ಅನುಭವ ಎಂಬ ಅರ್ಥದ ಮಾತು ಅಂದು ಬಂತೆಂದು ಅನಂತಮೂರ್ತಿ ಹಲವು ಸಲ ನೆನಪಿಸಿಕೊಂಡಿದ್ದಾರೆ. ಆ ಮಾತಿನ ಬೆನ್ನಿಗೇ ಮಲೆನಾಡಿನ ಅಗ್ರಹಾರ ಎದ್ದುಬಂತು. ಸತ್ತು ಬೀಳುವ ಇಲಿಗಳು, ಮನೆಗಳ ಮೇಲೆ ಬಂದು ಕೂರುವ ಹದ್ದುಗಳು, ಅವನ್ನು ಓಡಿಸಲು ಊದುವ ಶಂಖ, ಬಾರಿಸುವ ಜಾಗಟೆ, ದಹನಕ್ಕೆ ಕಾಯುತ್ತಿರುವ ನಾರಣಪ್ಪನ ಹೆಣ. 1965ರಲ್ಲಿ ಪ್ರಕಟವಾದ ಈ ಕಾದಂಬರಿಯ ದೂರ್ವಾಸಪುರ ಯಾವ ನಕ್ಷೆಯಲ್ಲೂ ಇಲ್ಲ. ಆದರೂ ಅದರ ಓಣಿಯ ವಾಸನೆ ಓದಿದವರ ಮೂಗಿನಲ್ಲಿ ಉಳಿದಿದೆ. ಎಲ್ಲೋ ದೂರದ ಕೋಣೆಯಲ್ಲಿ ಕೂತವನಿಗೆ ಅದು ಅಷ್ಟು ಸ್ಪಷ್ಟವಾಗಿ ಕಂಡದ್ದು ಹುಡುಗನಾಗಿದ್ದಾಗ ಬರಿಗಾಲಲ್ಲಿ ಆ ದಾರಿ ತುಳಿದಿದ್ದರಿಂದ. ಬರೀ ದೂರವಿದ್ದರೆ ಸಾಲದು, ಮೊದಲು ತುಳಿದಿರಬೇಕು.

ಯಶವಂತ ಚಿತ್ತಾಲರದು ಇನ್ನೊಂದು ಬಗೆ. ಗೋಕರ್ಣದ ಹತ್ತಿರದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಬಾಳಿದ್ದು ಮುಂಬೈಯಲ್ಲಿ, ದುಡಿದದ್ದು ರಾಸಾಯನಿಕ ಉದ್ಯಮದಲ್ಲಿ. ಹೊರಗೆ ಮಹಾನಗರ, ಒಳಗೆ ಹನೇಹಳ್ಳಿ. 1979ರ ‘ಶಿಕಾರಿ’ಯ ನಾಗಪ್ಪ ಮುಂಬೈಯ ಕಂಪನಿಯ ಒಳಸಂಚಿನಲ್ಲಿ ಸಿಕ್ಕಿಕೊಂಡಿದ್ದರೂ ಅವನ ಭಯದ ಬೇರು ಹುಟ್ಟೂರಿನ ನೆನಪಿನಲ್ಲಿದೆ. ಹನೇಹಳ್ಳಿಯಷ್ಟು ಪುಟ್ಟ ಊರು ಕನ್ನಡ ಓದುಗರಿಗೆಲ್ಲ ಪರಿಚಯವಾದದ್ದು ಅದರಿಂದ ದೂರ ಬದುಕಿದ ಒಬ್ಬ ಮಗನಿಂದ. ಗೋಕರ್ಣದ ಜಯಂತ ಕಾಯ್ಕಿಣಿ ಅದೇ ಮುಂಬೈಗೆ ಹೋಗಿ, ಹೊರಗಿನಿಂದ ಬಂದವನ ಕಣ್ಣಿನಲ್ಲಿ ಆ ನಗರವನ್ನೇ ಕತೆಯಾಗಿಸಿದರು. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು.

ಎಲ್ಲರೂ ತಾವು ಬರೆಯುವ ಊರಿನಿಂದ ದೂರ ಇರಬೇಕೆಂದೇನಿಲ್ಲ. ಪೂರ್ಣಚಂದ್ರ ತೇಜಸ್ವಿ ಮೈಸೂರು ಬಿಟ್ಟು ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿ ಅಲ್ಲೇ ನೆಲೆಸಿದರು. 1980ರ ‘ಕರ್ವಾಲೊ’ದಲ್ಲಿ ಜೇನು ಸೊಸೈಟಿಯಿಂದ ಹೊರಟ ಕತೆ ಹಾರುವ ಓತಿಯವರೆಗೆ ಹೋಗಿ ಮುಟ್ಟುತ್ತದೆ. ಆ ಊರಿನಲ್ಲಿ ಬೇಸಾಯ ಮಾಡಿದವನಿಗೆ ಮಾತ್ರ ಆ ಕಾದಂಬರಿಯ ಮಂದಣ್ಣನಂಥವನು ಸಿಗುತ್ತಾನೆ. ಶಿವರಾಮ ಕಾರಂತರಂತೂ ನಡೆದೇ ನಾಡು ಕಂಡವರು. 1943ರ ‘ಬೆಟ್ಟದ ಜೀವ’ ಶುರುವಾಗುವುದೇ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪಯಣಿಗನಿಂದ. ದೇರಣ್ಣ, ಬಟ್ಯ ಎಂಬಿಬ್ಬರು ಅವನನ್ನು ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ದಾರಿ ತಪ್ಪದೇ ಇದ್ದಿದ್ದರೆ ಕಾದಂಬರಿಯೇ ಇಲ್ಲ. ಎಸ್.ಎಲ್. ಭೈರಪ್ಪನವರು ‘ಪರ್ವ’ಕ್ಕಾಗಿ ಹಿಮಾಲಯದ ಹಳ್ಳಿಗಳಿಗೆ ಹೋಗಿ, ಅಣ್ಣತಮ್ಮಂದಿರು ಒಬ್ಬಳೇ ಹೆಂಡತಿಯೊಡನೆ ಬಾಳುವ ಮನೆಗಳನ್ನು ಕಂಡುಬಂದರು. ದ್ರೌಪದಿಯ ಮನೆ ಹೇಗಿದ್ದೀತು ಎಂಬುದಕ್ಕೆ ಅವರಿಗೆ ಗ್ರಂಥಗಳಷ್ಟೇ ಸಾಕಾಗಿರಲಿಲ್ಲ.

ಇಷ್ಟು ಸಂಪತ್ತು ಬೆನ್ನಿಗಿದ್ದೂ ಈಗಿನ ಎಷ್ಟೋ ಕತೆಗಳಲ್ಲಿ ಊರು ಬರೀ ಪರದೆಯಾಗಿ ತೂಗುತ್ತಿರುವುದು ಬೇಸರದ ಸಂಗತಿ. ಮಂಜು, ಮಳೆ, ಹಂಚಿನ ಮನೆ, ಒಂದು ಲೋಟ ಕಾಫಿ ಬಂದರೆ ಮಲೆನಾಡು ಮುಗಿಯಿತು. ಟ್ರಾಫಿಕ್ ಬಂದರೆ ಬೆಂಗಳೂರು ಮುಗಿಯಿತು. ಮೊಬೈಲಿನ ನಕ್ಷೆಯಲ್ಲಿ ಯಾವ ಊರಿನ ತಿರುವನ್ನಾದರೂ ನೋಡಬಹುದು. ಕೊನೆಯ ಬಸ್ಸು ತಪ್ಪಿದವರು ಆ ತಿರುವಿನಲ್ಲಿ ಯಾರ ಮನೆಯ ಜಗುಲಿಯಲ್ಲಿ ಮಲಗುತ್ತಾರೆ, ಯಾರಿಗೆ ಆ ಜಗುಲಿ ಹತ್ತಲು ಬಿಡುವುದಿಲ್ಲ ಎಂಬುದು ಆ ನಕ್ಷೆಯಲ್ಲಿ ಇರುವುದಿಲ್ಲ. ಕತೆಗೆ ಬೇಕಾದದ್ದು ಅದೇ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆ ಇರುವುದು ಜನರ ಬಾಯಿಯಲ್ಲಿ, ಅವರಾಡುವ ಮಾತಿನಲ್ಲಿ. ಗೀತಾ ನಾಗಭೂಷಣರ ‘ಬದುಕು’ ಕಲಬುರಗಿ ಸೀಮೆಯ ಮಾತಿನಲ್ಲಿ ಅಲ್ಲಿಯ ಬಾಳನ್ನು ಹಿಡಿಯಿತು.

ಬರೆಯದೆ ಉಳಿದ ಜಾಗಗಳು ಇನ್ನೂ ರಾಶಿ ಇವೆ. ಪೀಣ್ಯದ ವರ್ಕ್‌ಶಾಪು, ಗಾರ್ಮೆಂಟ್ಸ್ ಬಸ್ಸು ನಿಲ್ಲುವ ರಸ್ತೆ ಬದಿ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಹೊಸ ಜಾಗಕ್ಕೆ ಎದ್ದುಹೋದ ಊರುಗಳು, ದುಬೈಯ ಬ್ಯಾಚುಲರ್ ರೂಮು. ಇವುಗಳಲ್ಲಿ ಬಾಳುತ್ತಿರುವ ಕನ್ನಡಿಗರಲ್ಲಿ ಬರೆಯಬಲ್ಲವರು ಖಂಡಿತ ಇದ್ದಾರೆ. ಊರಿನಿಂದ ದೂರ ಇದ್ದೇವೆ, ಬರೆಯಲು ಏನಿದೆ ಎಂದು ಅವರು ಹಿಂಜರಿಯಬಾರದು. ಬರ್ಕ್ಲಿಯಲ್ಲೂ ಬರ್ಮಿಂಗ್‌ಹ್ಯಾಮ್‌ನಲ್ಲೂ ಆದ ಕೆಲಸ ಶಾರ್ಜಾದಲ್ಲೂ ಆಗಬಹುದು.

ಒಂದು ಕೆಲಸ ಮಾತ್ರ ತಡಮಾಡುವ ಹಾಗಿಲ್ಲ. ಹಳ್ಳಿಯಲ್ಲಿ ಪ್ರತಿ ಗದ್ದೆಗೂ ಹೊಲಕ್ಕೂ ಹಳ್ಳಕ್ಕೂ ಒಂದು ಹೆಸರಿತ್ತು. ಪಹಣಿಯಲ್ಲಿ ಈಗ ಉಳಿದಿರುವುದು ಸರ್ವೆ ನಂಬರು. ಆ ಹೆಸರುಗಳು, ಅವು ಬಂದ ಕತೆಗಳು ಎಪ್ಪತ್ತು ದಾಟಿದವರ ನೆನಪಿನಲ್ಲಷ್ಟೇ ಇವೆ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಊರಿನ ಎಲ್ಲೆಯವರೆಗೆ ನಡೆದು, ಒಂದೊಂದು ಜಾಗದ ಹೆಸರನ್ನೂ ಅವರು ಹೇಳಿದಂತೆಯೇ ಬರೆದುಕೊಂಡು ಬನ್ನಿ.