ಕಥೆ ಓದೋಕೂ ಎಂಟ್ರೆನ್ಸ್ ಎಕ್ಸಾಮ್ ಬರೀಬೇಕಾ?

(1/5)
ಕ್ಯಾಂಟೀನ್ ಟೇಬಲ್ ಮೇಲೆ ಪುಸ್ತಕ ಇಟ್ಕೊಂಡು ಕೂತಿದ್ದೆ. 'ಫ್ರಮ್ ಎ ಸರ್ಟನ್ ಪಾಯಿಂಟ್ ಆಫ್ ವ್ಯೂ', ಸ್ಟಾರ್ ವಾರ್ಸ್ ಕಥೆಗಳ ಸಂಕಲನ. ಒಬ್ರು ಸೀನಿಯರ್ ಎತ್ಕೊಂಡು ನೋಡಿ ಕೇಳಿದ್ರು, "ಸಿನಿಮಾ ಎಷ್ಟು ನೋಡಿದೀಯಾ?"
"ಒಂದೂ ಇಲ್ಲ ಅಣ್ಣ."
"ಹಾಗಾದ್ರೆ ಇದು ನಿಂಗಲ್ಲ. ಮೊದ್ಲು ಎಲ್ಲಾ ನೋಡ್ಕೊಂಡ್ ಬಾ."
ಎಲ್ರೂ ನಕ್ಕರು. ನಾನೂ ನಕ್ಕೆ. ನಾನ್ಯಾಕೆ ನಕ್ಕೆ ಅನ್ನೋದೇ ಇವತ್ತಿಗೂ ಬೇಜಾರು. ಅವತ್ತು ಕೊಡಬೇಕಿದ್ದ ಉತ್ತರ ಇದು. ಉದ್ದ ಇದೆ, ಪೂರ್ತಿ ಓದಿ.

(2/5)
ಮೊದಲು ಇತಿಹಾಸ. ಸ್ಟಾರ್ ವಾರ್ಸ್ ಥಿಯೇಟರಿಗೆ ಬಂದಿದ್ದು 1977ರ ಮೇ 25ಕ್ಕೆ. ಆದ್ರೆ ಅದರ ಕಾದಂಬರಿ 1976ರಲ್ಲೇ ಅಂಗಡಿಗೆ ಬಂದಿತ್ತು! ಕವರ್ ಮೇಲೆ ಜಾರ್ಜ್ ಲ್ಯೂಕಾಸ್ ಹೆಸರು, ಬರೆದದ್ದು ಅಲನ್ ಡೀನ್ ಫಾಸ್ಟರ್. ಅಂದ್ರೆ ಈ ಕಥೆಗೆ ಓದುಗರು ಮೊದಲು ಬಂದ್ರು, ಪ್ರೇಕ್ಷಕರು ಆಮೇಲೆ.
ಇನ್ನೊಂದು. 'ಎಪಿಸೋಡ್ 4' ಅನ್ನೋ ಸಾಲು ಮೊದಲ ಸಿನಿಮಾದಲ್ಲಿ ಇರಲೇ ಇಲ್ಲ. 1981ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಸೇರಿಸಿದ್ದು. 1977ರಲ್ಲಿ ಟಿಕೆಟ್ ತಗೊಂಡವರನ್ನ ಸೀದಾ ನಡೀತಿರೋ ಯುದ್ಧದ ಮಧ್ಯಕ್ಕೆ ತಳ್ಳಿದ್ರು. ಯಾರಿಗೂ ಹಿಂದಿನ ಕಥೆ ಗೊತ್ತಿರಲಿಲ್ಲ. ಎಲ್ರೂ ಹೊಸಬರೇ.
ನಮ್ಮಜ್ಜಿ ನಂಗೆ ಮಹಾಭಾರತ ಶುರು ಮಾಡಿದ್ದು ಅಭಿಮನ್ಯುವಿನ ಚಕ್ರವ್ಯೂಹದಿಂದ. "ಆದಿಪರ್ವ ಮುಗಿಸ್ಕೊಂಡ್ ಬಾ" ಅಂತ ಅಜ್ಜಿ ಯಾವತ್ತೂ ಅನ್ನಲಿಲ್ಲ.

(3/5)
ಈಗ ಪುಸ್ತಕ. ಸಿನಿಮಾಗೆ 40 ವರ್ಷ ಆಯ್ತು ಅಂತ 2017ರಲ್ಲಿ ಬಂದ 40 ಕಥೆಗಳು. ಮುಖ್ಯ ವಿಷಯ ಏನಂದ್ರೆ, ಬಹುಪಾಲು ಕಥೆಗಳಲ್ಲಿ ಹೀರೋ ಪಕ್ಕಕ್ಕೆ ಸರಿದಿದ್ದಾನೆ. ಮೂಲೆಯಲ್ಲಿ ನಿಂತಿದ್ದವರು ಮಾತಾಡ್ತಾರೆ.
ಲ್ಯೂಕ್‌ನ ಮಾವ ಮೊದಲು ಆರಿಸೋದು ಒಂದು ಕೆಂಪು ರೋಬೋನ. ಅದು ಹೊಗೆ ಬಿಟ್ಟು ಕೆಟ್ಟು ನಿಲ್ಲತ್ತೆ, ಬದಲಿಗೆ ಆರ್2-ಡಿ2 ಮನೆ ಸೇರತ್ತೆ. ಸಿನಿಮಾದಲ್ಲಿ ಅಷ್ಟೇ. ರೇ ಕಾರ್ಸನ್ ಬರೆದ ಕಥೆಯಲ್ಲಿ ಆ ರೋಬೋ ಬೇಕಂತಲೇ ತನ್ನ ಅವಕಾಶ ಬಿಟ್ಟುಕೊಡತ್ತೆ. ಮೆಗ್ ಕ್ಯಾಬಟ್ ಬರೆದ ಕಥೆಯಲ್ಲಿ ಲ್ಯೂಕ್‌ನ ಅತ್ತೆ ಬೆರು, ಸತ್ತ ಮೇಲೆ ತನ್ನ ಕಥೆ ತಾನೇ ಹೇಳ್ತಾಳೆ. ಕಸದ ಗುಂಡಿಯಲ್ಲಿ ಲ್ಯೂಕ್‌ನ ಕಾಲು ಎಳೆಯೋ ಒಕ್ಕಣ್ಣಿನ ಪ್ರಾಣಿಗೂ ನೆಡಿ ಒಕೊರಾಫೋರ್ ಒಂದು ಊರು, ಒಂದು ಮನಸ್ಸು ಕೊಟ್ಟಿದ್ದಾರೆ.
ಆಮೇಲೆ ಸಿನಿಮಾ ನೋಡಿದೆ. ಕಸದ ಗುಂಡಿ ಸೀನಲ್ಲಿ ನನ್ನ ಪಕ್ಕ ಕೂತಿದ್ದವರಿಗೆ ಲ್ಯೂಕ್ ಬದುಕ್ತಾನಾ ಅನ್ನೋ ಚಿಂತೆ. ನಂಗೆ ಆ ಪ್ರಾಣೀದೇ ಚಿಂತೆ.
ಅಕೌಂಟ್ಸ್ ಭಾಷೇಲಿ ಹೇಳ್ತೀನಿ: ಸಿನಿಮಾ ಅಂದ್ರೆ ಫೈನಲ್ ಅಕೌಂಟ್ಸ್, ಈ ಕಥೆಗಳು ವೋಚರ್‌ಗಳು. ನಾನು ವೋಚರಿಂದ ಶುರು ಮಾಡಿದೆ. ತಪ್ಪೇನು? ಲೆಕ್ಕ ಶುರುವಾಗೋದೂ ಅಲ್ಲಿಂದಾನೇ ಅಲ್ವಾ?

(4/5)
"ನಿಂಗೆ ಎಲ್ಲಾ ಅರ್ಥ ಆಯ್ತಾ?" ಅಂತ ಕೇಳ್ತೀರ. ಇಲ್ಲ. ಕೆಲವು ಕಥೆಗಳು ಹಳೇ ಅಭಿಮಾನಿಗಳಿಗೆ ಕಣ್ಣು ಹೊಡೆದು ಮುಂದೆ ಹೋಗ್ತವೆ. ಎಷ್ಟೋ ಜೋಕು ನನ್ನ ತಲೆ ಮೇಲಿಂದ ಹಾರಿ ಹೋದವು. ಒಪ್ತೀನಿ, ಎಲ್ಲಾ ನೋಡಿದವರಿಗೆ ಸಿಗೋ ಖುಷಿ ನಂಗೆ ಸಿಕ್ಕಿಲ್ಲ. ಆದ್ರೆ ಮೊದಲು ಸಿನಿಮಾ ನೋಡಿದವರಿಗೆ ಬೆರು ಬರೀ ಸಾಯೋ ಅತ್ತೆ. ನಂಗೆ ಅವಳು ಮೊದಲು ಪರಿಚಯ ಆದಳು, ಆಮೇಲೆ ಸತ್ತಳು. ಈ ಸಂಕಟ ನಿಮಗೆ ಸಿಕ್ಕಿಲ್ಲ. ಲೆಕ್ಕ ಸರಿಹೋಯ್ತಲ್ಲ?
ಗೊತ್ತಿರೋದನ್ನ ಹಂಚ್ಕೊಂಡ್ರೆ ಅಭಿಮಾನ. ಅದನ್ನೇ ಗೇಟ್ ಮಾಡಿ ಮುಂದೆ ನಿಂತ್ರೆ ವಾಚ್‌ಮನ್ ಕೆಲಸ. ಅದಕ್ಕೆ ಯಾರೂ ಸಂಬಳಾನೂ ಕೊಡಲ್ಲ.

(5/5)
ಅವಮಾನ ನಂಗಷ್ಟೇ ಆಗಿದ್ರೆ ಇಷ್ಟು ಬರೀತಿರಲಿಲ್ಲ. ಅವತ್ತು ಅದೇ ಟೇಬಲಲ್ಲಿ ನನ್ನ ಗೆಳತಿ ಇದ್ಲು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. "ನೀನು ಮುಗಿಸಿದ್ಮೇಲೆ ನಂಗೆ ಕೊಡೇ" ಅಂದಿದ್ಲು. ಅದು ಅವಳು ಸಿಲೆಬಸ್ ಬಿಟ್ಟು ಓದ್ತಿದ್ದ ಮೊದಲ ಇಂಗ್ಲಿಷ್ ಪುಸ್ತಕ ಆಗ್ತಿತ್ತು. ಆ ನಗು ಕೇಳಿದ್ಮೇಲೆ, "ನಂಗ್ ಬೇಡ ಬಿಡೇ, ಅರ್ಥ ಆಗಲ್ಲ" ಅಂದ್ಲು. ಒಂದು ಪುಟಾನೂ ತೆಗೆದು ನೋಡ್ದೆ.
ಈ ಪುಸ್ತಕದ ಲೇಖಕರು ತಮ್ಮ ಸಂಭಾವನೆ ಬಿಟ್ಟುಕೊಟ್ಟು ಅದನ್ನ ಫಸ್ಟ್ ಬುಕ್ ಅನ್ನೋ ಸಂಸ್ಥೆಗೆ ಕೊಟ್ಟರು. ಬಡ ಮಕ್ಕಳ ಕೈಗೆ ಪುಸ್ತಕ ತಲುಪಿಸೋ ಸಂಸ್ಥೆ ಅದು. ಅಂಥ ಪುಸ್ತಕಾನೇ ಹಿಡ್ಕೊಂಡು ಒಬ್ಬಳ ಕೈಯಿಂದ ಪುಸ್ತಕ ಬಿಡಿಸಿದ್ರಲ್ಲ ಅಣ್ಣ!
ನಿನ್ನೆ ಅವಳ ಬ್ಯಾಗಿಗೆ ನಾನೇ ಪುಸ್ತಕ ತುರುಕಿದೀನಿ. ಕೆಂಪು ರೋಬೋ ಕಥೆ ಇರೋ ಪುಟಕ್ಕೆ ಬಸ್ ಟಿಕೆಟ್ ಇಟ್ಟಿದೀನಿ. ಅಲ್ಲಿಂದ ಶುರು ಮಾಡ್ಲಿ.
ನಿಮ್ಗೂ ಬೇಕಿದ್ರೆ ಕೇಳಿ, ಅವಳಾದ್ಮೇಲೆ ಕೊಡ್ತೀನಿ. ಏನೇನು ನೋಡಿದೀರ ಅಂತ ನಾನು ಕೇಳಲ್ಲ.